ಢಾಲು ಬೇಡ, ಕೀಲಿಕೈ ತೋರಿಸಿ

ವಿಜಯಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕರಲ್ಲಿ ಯಾವ ಊರಿಗಾದರೂ ಹೋಗಿ. ಪತ್ತಿನ ಸಂಘ, ಅಡತಿ ಅಂಗಡಿ, ಆನ್‌ಲೈನ್ ಸೆಂಟರ್, ಯಾವುದಾದರೂ ಸರಿ. ಕಂಪ್ಯೂಟರಿನ ಮುಂದೆ ಕೂತವರನ್ನು ಒಂದೇ ಮಾತು ಕೇಳಿ: ನೀವು ಈಗ ಈ ಮಷೀನಿನಲ್ಲಿ ಅಡ್ಮಿನ್ ಆಗಿ ಕೂತಿದ್ದೀರೋ, ಸಾದಾ ಯೂಸರ್ ಆಗಿ ಕೂತಿದ್ದೀರೋ? ಅವರು ಪರದೆ ನೋಡುತ್ತಾರೆ, ನಿಮ್ಮನ್ನು ನೋಡುತ್ತಾರೆ, ಮತ್ತೆ ಪರದೆ ನೋಡುತ್ತಾರೆ. ಉತ್ತರ ಸಿಗುವುದಿಲ್ಲ. ಅವರದೇನೂ ತಪ್ಪಿಲ್ಲ. ಉತ್ತರ ಪರದೆಯ ಮೇಲೆ ಇಲ್ಲವೇ ಇಲ್ಲ.

ಈ ಭಾಗದ ಸಂಘಗಳ, ಅಂಗಡಿಗಳ ಸಿಬ್ಬಂದಿಗೆ ಕಂಪ್ಯೂಟರ್ ಕಲಿಸುವುದು, ಕೆಟ್ಟ ಮಷೀನು ನೋಡಿಕೊಡುವುದು ನನ್ನ ಉದ್ಯೋಗ. ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳೇ ನನ್ನ ಹತ್ತಿರ ಹೆಚ್ಚು ಬರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಅಡ್ಮಿನ್ ಅಧಿಕಾರ ಯಾವಾಗ ಕೈಯಲ್ಲಿದೆ ಎಂಬುದು ಓದು ಬಾರದವರಿಗೂ ನೋಡಿದ ಕೂಡಲೇ ತಿಳಿಯುವಂತಿರಬೇಕು. ಅದಕ್ಕೆ ಸರಿಯಾದ ಚಿತ್ರ, ಸರಿಯಾದ ಬಣ್ಣ, ಸರಿಯಾದ ಕನ್ನಡ ಮಾತು ಆರಿಸುವುದು ಸಣ್ಣ ಕೆಲಸವೆಂದು ಯಾರೂ ತಳ್ಳಿಹಾಕಬಾರದು.

ಅಡ್ಮಿನ್ ಆದವರು ಏನು ಮಾಡಬಲ್ಲರು? ಹೊಸ ಸಾಫ್ಟ್‌ವೇರ್ ಹಾಕಬಲ್ಲರು, ಇದ್ದದ್ದನ್ನು ತೆಗೆಯಬಲ್ಲರು. ಬೇರೆಯವರ ಫೈಲು ತೆರೆದು ನೋಡಬಲ್ಲರು, ಅಳಿಸಬಲ್ಲರು. ಆಂಟಿವೈರಸ್ ಬಂದ್ ಮಾಡಬಲ್ಲರು. ಬಹಳ ಜನರ ಲಕ್ಷ್ಯಕ್ಕೆ ಬಾರದ ಇನ್ನೊಂದಿದೆ, ಮಷೀನಿನ ತಾರೀಖು ಬದಲಿಸಬಲ್ಲರು. ವಿಂಡೋಸ್‌ನಲ್ಲಿ ಸಾದಾ ಯೂಸರ್ ತಾರೀಖು ಮುಟ್ಟುವಂತಿಲ್ಲ, ಅಡ್ಮಿನ್ ಮುಟ್ಟಬಹುದು. ಕೆಲವು ಲೆಕ್ಕದ ಸಾಫ್ಟ್‌ವೇರ್‌ಗಳು ಮಷೀನಿನ ತಾರೀಖನ್ನೇ ನಂಬಿ ನಡೆಯುತ್ತವೆ. ಏಪ್ರಿಲ್ ಮೊದಲ ವಾರದಲ್ಲಿ ತಾರೀಖನ್ನು ಮಾರ್ಚ್ 31ಕ್ಕೆ ಸರಿಸಿ ಜಮಾ ತೋರಿಸಬೇಕೆಂದರೆ ಬೇಕಾಗುವುದು ಈ ಅಧಿಕಾರ. ರೊಕ್ಕದ ವ್ಯವಹಾರ ನಡೆಯುವ ಕಡೆ ಅದು ಯಾರ ಕೈಯಲ್ಲಿದೆ, ಯಾವ ಹೊತ್ತಿನಲ್ಲಿ ಇದೆ ಎಂಬುದು ಕಣ್ಣಿಗೆ ಕಾಣಬೇಕೋ ಬೇಡವೋ?

ಈ ಅಧಿಕಾರಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಗುರುತು ಢಾಲು. 2007ರಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ ಅದರ ಜೊತೆಗೇ ಬಂತು, ಚಿಕ್ಕ ಢಾಲಿನ ಚಿತ್ರ. ಯಾವ ಗುಂಡಿ ಒತ್ತಿದರೆ, ಯಾವ ಐಕಾನ್ ತೆರೆದರೆ ಅಡ್ಮಿನ್ ಅಧಿಕಾರ ಬೇಕಾಗುತ್ತದೋ ಅದರ ಪಕ್ಕ ಆ ಢಾಲು ಕೂತಿರುತ್ತದೆ. ಒತ್ತಿದರೆ ಬಹಳ ಸಲ ಪರದೆ ಮಬ್ಬಾಗಿ ಒಂದು ಪ್ರಶ್ನೆ ಬರುತ್ತದೆ. ನೀವು ಅಡ್ಮಿನ್ ಆಗಿ ಲಾಗಿನ್ ಆಗಿದ್ದರೆ ಬರೀ ಯೆಸ್ ಅಥವಾ ನೋ. ಸಾದಾ ಯೂಸರ್ ಆಗಿದ್ದರೆ ಅಡ್ಮಿನ್ನಿನ ಪಾಸ್‌ವರ್ಡ್ ಕೇಳುತ್ತದೆ. ಇದರ ಹಿಂದಿನ ವಿಚಾರ ನಿಜಕ್ಕೂ ಒಳ್ಳೆಯದು. ಅಡ್ಮಿನ್ ಆಗಿ ಒಳಗೆ ಬಂದವರಿಗೂ ದಿನದ ಕೆಲಸವೆಲ್ಲ ಸಾದಾ ಅಧಿಕಾರದಲ್ಲೇ ನಡೆಯುತ್ತದೆ, ದೊಡ್ಡ ಅಧಿಕಾರ ಬೇಕಾದಾಗ ಮಾತ್ರ ಕೇಳಿ ಪಡೆಯಬೇಕು. ನನ್ನ ತಕರಾರು ಚಿತ್ರದ್ದು.

ಢಾಲು ಅಂದರೆ ಕಾಯುವುದು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಇದು ಗೊತ್ತು. ವಿಂಡೋಸ್‌ನದೇ ಆಂಟಿವೈರಸ್ ಇದೆಯಲ್ಲ, ಪರದೆಯ ಕೆಳಗೆ ಗಡಿಯಾರದ ಹತ್ತಿರ, ಅದರ ಗುರುತೂ ಢಾಲೇ. ಅಲ್ಲಿ ಢಾಲಿದ್ದರೆ ಮಷೀನು ಕ್ಷೇಮವಾಗಿದೆ ಎಂದರ್ಥ. ಇಲ್ಲಿ ಢಾಲಿದ್ದರೆ ಮಷೀನಿನ ಬುಡಕ್ಕೇ ಕೈ ಹಾಕುತ್ತಿದ್ದೀರಿ, ತಡೆದು ನೋಡಿ ಎಂದರ್ಥ. ಎರಡು ತದ್ವಿರುದ್ಧ ಮಾತುಗಳಿಗೆ ಒಂದೇ ಚಿತ್ರ ಇಟ್ಟು, ಇಂಗ್ಲಿಷ್ ಓದಲು ಬಾರದವರು ತಪ್ಪು ತಿಳಿದುಕೊಂಡರೆ ಅವರನ್ನೇ ಬೈಯುತ್ತೇವೆ.

ಬೈದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಘದ ಹೆಸರು ಬೇಡ. ರಜೆ ಹೋದವರ ಬದಲಿಗೆ ಕೌಂಟರಿನಲ್ಲಿ ಕೂತಿದ್ದ ಹುಡುಗಿ, ಪಿಯುಸಿ ಮುಗಿಸಿ ಹೊಸದಾಗಿ ಸೇರಿದವಳು. ಡಿಸ್ಕಿನಲ್ಲಿ ಜಾಗ ಇಲ್ಲ ಎಂಬ ಸೂಚನೆ ಬಂತು. ಮೊಬೈಲಿನಲ್ಲಿ ಮಾಡುವ ರೂಢಿಯಂತೆ, ಗುರುತಿಲ್ಲದ ಒಂದು ಫೋಲ್ಡರ್ ಅಳಿಸಲು ಹೋದಳು. ಹಳೆಯ ಕಾಲದ ಲೆಕ್ಕದ ಸಾಫ್ಟ್‌ವೇರ್ ಅದು, ತನ್ನ ಡೇಟಾವನ್ನೆಲ್ಲ ಪ್ರೋಗ್ರಾಂ ಫೈಲ್ಸ್ ಒಳಗೇ ಇಟ್ಟುಕೊಂಡಿತ್ತು. ವಿಂಡೋಸ್ ತಡೆಯಿತು. ಇದಕ್ಕೆ ಅಡ್ಮಿನಿಸ್ಟ್ರೇಟರ್ ಪರವಾನಗಿ ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿತು. ಕೆಳಗೆ ಕಂಟಿನ್ಯೂ ಎಂಬ ಗುಂಡಿ, ಗುಂಡಿಯ ಮೇಲೆ ಢಾಲು. ಒತ್ತಿದಳು. ಪೆನ್‌ಡ್ರೈವಿನಲ್ಲಿದ್ದ ಬ್ಯಾಕಪ್ ಹಳೆಯದು. ಪಿಗ್ಮಿ ವಸೂಲಿ, ಸಾಲದ ಕಂತು ಎಲ್ಲವನ್ನೂ ಚೀಟಿ ನೋಡಿ ನೋಡಿ ಮತ್ತೆ ಏರಿಸಬೇಕಾಯಿತು. ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು, ತಲೆ ಇಲ್ಲೇನು ನಿನಗ ಅಂತ. ಆಮೇಲೆ ಅವಳು ನನ್ನ ಹತ್ತಿರ ಹೇಳಿದ ಮಾತು ಇಷ್ಟೇ: "ಅಕ್ಕಾರ, ಢಾಲಿನ ಚಿತ್ರ ಇತ್ರಿ. ಕಂಪ್ಯೂಟರ ಕಾಯಾಕತ್ತದ ಅಂದ್ಕೊಂಡೆ."

ಆ ಮಷೀನಿನಲ್ಲಿ ಇದ್ದದ್ದೇ ಒಂದು ಖಾತೆ, ಅದೂ ಅಡ್ಮಿನ್ ಖಾತೆ. ವಿಂಡೋಸ್ ಹಾಕುವಾಗ ಮೊದಲು ಹುಟ್ಟುವ ಖಾತೆ ಅಡ್ಮಿನ್ನೇ ಆಗಿರುತ್ತದೆ. ಮಷೀನು ಕೊಟ್ಟು ಹೋಗುವವರು ಎರಡನೆಯದನ್ನು ಮಾಡುವ ಗೋಜಿಗೆ ಹೋಗುವುದಿಲ್ಲ. ಸಾದಾ ಖಾತೆ ಇದ್ದಿದ್ದರೆ ಅಲ್ಲಿ ಪಾಸ್‌ವರ್ಡ್ ಕೇಳುತ್ತಿತ್ತು, ಹುಡುಗಿ ಎದ್ದು ಹೋಗಿ ಮ್ಯಾನೇಜರನ್ನು ಕೇಳುತ್ತಿದ್ದಳು. ಅಡ್ಮಿನ್ ಖಾತೆಯೇ ಆದರೂ ಅದರ ಪರದೆ ಬೇರೆ ಬಣ್ಣದಲ್ಲಿದ್ದು, ಇಲ್ಲಿ ಅಳಿಸಿದ್ದು ಇಡೀ ಸಂಘದ್ದು ಎಂದು ಕನ್ನಡದಲ್ಲಿ ಬರೆದಿದ್ದರೆ ಆ ಬೆರಳು ಒಂದು ಕ್ಷಣವಾದರೂ ನಿಲ್ಲುತ್ತಿತ್ತೆಂದು ನಾನು ನಂಬುತ್ತೇನೆ.

ಖಾತೆಯ ಚಿತ್ರದ ಸ್ಥಿತಿಯೂ ಇದೇ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಪ್ಪೆ, ಬಾತುಕೋಳಿ, ಚದುರಂಗದ ಕಾಯಿ, ಫುಟ್‌ಬಾಲ್ ಇದ್ದವು. ನೋಡಲು ಚೆಂದ, ಆದರೆ ಯಾವ ಚಿತ್ರ ಯಾರಿಗೆ ಎಂಬುದಕ್ಕೂ ಅಧಿಕಾರಕ್ಕೂ ಸಂಬಂಧ ಇರಲಿಲ್ಲ. ವಿಂಡೋಸ್ 10ರಲ್ಲಿ ಎಲ್ಲರಿಗೂ ಮುಖವಿಲ್ಲದ ಒಂದೇ ಆಕೃತಿ, ಅಡ್ಮಿನ್ನಿಗೂ ಅದೇ, ಸಾದಾ ಯೂಸರ್‌ಗೂ ಅದೇ. ಅಡ್ಮಿನಿಸ್ಟ್ರೇಟರ್ ಎಂಬ ಮಾತು ಕಾಣಬೇಕೆಂದರೆ ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕಬೇಕು. ಲಿನಕ್ಸ್ ಬಳಸುವವರು ಈ ವಿಷಯದಲ್ಲಿ ಮೊದಲಿನಿಂದಲೂ ಜಾಗರೂಕರು. ಅವರ ಕಪ್ಪು ಪರದೆಯಲ್ಲಿ ಸಾದಾ ಬಳಕೆದಾರನ ಸಾಲಿನ ಕೊನೆಗೆ ಡಾಲರ್ ಚಿಹ್ನೆ, ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನ ಸಾಲಿನ ಕೊನೆಗೆ ಹ್ಯಾಶ್ ಚಿಹ್ನೆ. ಜರ್ಮನಿಯ ಸೂಸೆ ಲಿನಕ್ಸ್‌ನ ಹಳೆಯ ಆವೃತ್ತಿಗಳಲ್ಲಿ ರೂಟ್ ಆಗಿ ಡೆಸ್ಕ್‌ಟಾಪಿಗೆ ಬಂದರೆ ಹಿನ್ನೆಲೆಯಲ್ಲಿ ಬಾಂಬಿನ ಚಿತ್ರಗಳೇ ಕಾಣುತ್ತಿದ್ದವು. ಉಬುಂಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರೂಟ್ ಖಾತೆಗೆ ನೇರ ಲಾಗಿನ್ನನ್ನೇ ಮುಚ್ಚಿಬಿಟ್ಟಿತು.

ನಮ್ಮ ಸರಕಾರಿ ಕಚೇರಿಗಳಿಗೆ ಇಂಥ ಗುರುತು ಹೊಸದೇನೂ ಅಲ್ಲ. ಗೆಜೆಟೆಡ್ ಅಧಿಕಾರಿಗಳು ಹಸಿರು ಶಾಯಿಯಲ್ಲಿ ಸಹಿ ಹಾಕುವ ವಾಡಿಕೆ ಇದೆ. ದಾಖಲೆಯ ಅಟೆಸ್ಟೇಶನ್ನಿಗೆ ಅಲೆದ ಯಾವ ರೈತನನ್ನಾದರೂ ಕೇಳಿ, ಹಸಿರು ಸಹಿ ಕಂಡರೆ ಇದು ಸಾಹೇಬರದು ಎಂದು ದೂರದಿಂದಲೇ ಹೇಳುತ್ತಾನೆ. ಕರ್ನಾಟಕದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗುವಂತೆ ಮಾಡಿತು. ಯಾರು ಮುಟ್ಟಿದರು ಎಂಬುದು ದಾಖಲಾಗಬೇಕು, ಆಮೇಲೆ ನಾನಲ್ಲ ಎನ್ನುವಂತಿರಬಾರದು ಎಂಬುದು ಅದರ ಉದ್ದೇಶ. ಆ ವಿವೇಕ ದೊಡ್ಡ ಯೋಜನೆಗಳ ಒಳಗಿದೆ. ಅದೇ ಯೋಜನೆ ನಡೆಯುವ ಟೇಬಲ್ಲಿನ ಮೇಲಿನ ಮಷೀನಿಗೆ ಅದು ಇಳಿದಿಲ್ಲ.

ಯಾಕೆ ಇಳಿದಿಲ್ಲ? ಬರೀ ಆಲಸ್ಯವೆಂದರೆ ಅರ್ಧ ಮಾತಾಗುತ್ತದೆ. ಅಡ್ಮಿನ್ ಎಂಬುದನ್ನು ನಾವು ಹುದ್ದೆಯಂತೆ ತಿಳಿದಿದ್ದೇವೆ. ಒಂದು ಸಂಘದಲ್ಲಿ ಮ್ಯಾನೇಜರರಿಗೆ ಸಾದಾ ಖಾತೆ ಮಾಡಿಕೊಟ್ಟು, ದಿನಾ ಇದರಲ್ಲೇ ಕೆಲಸ ಮಾಡಿರಿ, ಅಡ್ಮಿನ್ ಖಾತೆ ಬೇಕಾದಾಗ ಮಾತ್ರ ತೆರೆಯಿರಿ ಎಂದೆ. ಅವರ ಮುಖ ಸಪ್ಪಗಾಯಿತು. "ಹಂಗಾರ ನಮ್ಮ ಆಫೀಸಿನ್ಯಾಗ ನನಗ ಅಧಿಕಾರ ಇಲ್ಲೇನ್ರಿ ಅಕ್ಕಾರ?" ಎಂದರು. ಬಹಳ ಹೊತ್ತು ಕೂತು ಮಾತಾಡಿದೆವು. ಸಾಲ ಮಂಜೂರು ಮಾಡುವ ಅಧಿಕಾರ ನಿಮ್ಮ ಹುದ್ದೆಗಿದೆ, ಅದು ಲೆಕ್ಕದ ಸಾಫ್ಟ್‌ವೇರಿನೊಳಗೆ ನಿಮ್ಮ ಹೆಸರಿಗಿರುತ್ತದೆ, ಅದನ್ನು ಯಾರೂ ಕಸಿಯುತ್ತಿಲ್ಲ. ಮಷೀನಿನ ಅಡ್ಮಿನ್ ಅಂದರೆ ಪ್ರಿಂಟರ್ ಡ್ರೈವರ್ ಹಾಕುವ, ಡಿಜಿಟಲ್ ಸಹಿಯ ಡಾಂಗಲ್ ಹೊಂದಿಸುವ ಕೆಲಸ. ಅದನ್ನು ಇಡೀ ದಿನ ಹೊತ್ತು ಕೂತರೆ ನಿಮ್ಮ ಮರ್ಯಾದೆ ಹೆಚ್ಚುವುದಿಲ್ಲ, ಮೇಲ್‌ನಲ್ಲಿ ಬಂದ ಒಂದು ಕೆಟ್ಟ ಫೈಲು ನಿಮ್ಮ ಕೈಯಿಂದಲೇ ಪೂರ್ತಿ ಮಷೀನಿಗೆ ಹಬ್ಬುವ ದಾರಿ ಸುಲಭವಾಗುತ್ತದೆ. ಅವರು ಒಪ್ಪಿದರು. ಆದರೆ ಅವರ ಪ್ರಶ್ನೆ ಸುಳ್ಳಿನದಲ್ಲ. ನಮ್ಮಲ್ಲಿ ಅಧಿಕಾರದ ಗುರುತು ಕಂಡರೆ ಅದನ್ನು ತನ್ನ ಬಳಿ ಇಟ್ಟುಕೊಳ್ಳಬೇಕು ಎನಿಸುತ್ತದೆ. ಅದಕ್ಕೇ ಗುರುತು ಆರಿಸುವಾಗ ಬಹಳ ಎಚ್ಚರ ಬೇಕು.

ಕಿರೀಟದ ಚಿತ್ರ ಇಡಬಾರದು. ಅಂತರ್ಜಾಲದಲ್ಲಿ ಸಿಗುವ ಐಕಾನ್ ಗಂಟುಗಳಲ್ಲಿ ಅಡ್ಮಿನ್ನಿಗೆ ಕಿರೀಟ, ನಕ್ಷತ್ರ, ಟೈ ಕಟ್ಟಿದ ಮನುಷ್ಯ ಇರುತ್ತಾರೆ. ಎಲ್ಲವೂ ಹೊಗಳುವ ಚಿತ್ರಗಳು. ಅವನ್ನು ನೋಡಿದವರಿಗೆ ಅಲ್ಲೇ ಕೂರಬೇಕೆನಿಸುತ್ತದೆ. ಗಿಯರಿನ ಹಲ್ಲುಚಕ್ರವೂ ಆಗದು, ಮೊಬೈಲಿನಲ್ಲಿ ರಿಂಗ್‌ಟೋನ್ ಬದಲಿಸಲು ದಿನಾ ಒತ್ತಿ ಒತ್ತಿ ಅದರ ಭಯ ಹೋಗಿದೆ. ಹೆಸ್ಕಾಂ ಟ್ರಾನ್ಸ್‌ಫಾರ್ಮರಿನ ಮೇಲೆ ತೂಗುವ ತಲೆಬುರುಡೆ-ಎಲುಬಿನ ಬೋರ್ಡು ಎಲ್ಲರಿಗೂ ಗೊತ್ತು, ಕನ್ನಡದಲ್ಲಿ ಅಪಾಯ ಎಂದೂ ಬರೆದಿರುತ್ತದೆ. ಆದರೆ ಅದರ ಅರ್ಥ ಮುಟ್ಟಲೇಬೇಡ ಎಂದು. ಅಡ್ಮಿನ್ ಖಾತೆಯನ್ನು ಆಗಾಗ ಮುಟ್ಟಲೇಬೇಕು, ಅಪ್‌ಡೇಟ್ ಹಾಕಬೇಕು. ಹೆದರಿ ಬಿಟ್ಟರೆ ಮಷೀನು ಹಳೆಯದಾಗಿ ಅದೇ ಇನ್ನೊಂದು ಅಪಾಯ.

ನಾನು ಆರಿಸಿದ್ದು ಕೀಲಿಕೈ. ದೊಡ್ಡ ಹಲ್ಲಿನ, ಹಳೆಯ ತಿಜೋರಿಯ ಕೀಲಿಕೈ. ಕಲಿಯಲು ಬಂದವರಿಗೆ ಬೇರೆ ಬೇರೆ ಚಿತ್ರ ತೋರಿಸಿ, ಇದನ್ನು ನೋಡಿದರೆ ಏನನಿಸುತ್ತದೆ ಎಂದು ಕೇಳುತ್ತ ಬಂದಿದ್ದೇನೆ. ಕೀಲಿಕೈ ತೋರಿಸಿದಾಗ ದೇವರಹಿಪ್ಪರಗಿ ಕಡೆಯ ಒಬ್ಬ ಹೆಣ್ಣುಮಗಳು ತಟ್ಟನೆ ಹೇಳಿದಳು, "ಇದು ಯಾರ ಹಂತ್ಯಾಕ ಇರ್ತದೋ ಅವರ ಹೆಸರು ಬರಕೊಂಡಿರಬೇಕ್ರಿ." ನನಗೆ ಬೇಕಾಗಿದ್ದ ಮಾತು ಅದೇ. ಕೀಲಿಕೈ ಕಂಡರೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ತೆಗೆದರೆ ಮತ್ತೆ ಹಾಕಬೇಕು ಎಂಬುದೂ ಅದರಲ್ಲೇ ಇದೆ.

ಹಿನ್ನೆಲೆ ಪೂರ್ತಿ ಕೆಂಪು ಇರಲಿ. ಕುಂಕುಮ ಮಂಗಳಕರ, ದೀಪಾವಳಿಗೆ ಕಂಪ್ಯೂಟರಿಗೂ ಹಚ್ಚಿ ಪೂಜೆ ಮಾಡುತ್ತೇವೆ, ಕೆಂಪನ್ನು ಎಚ್ಚರಿಕೆಗೆ ಹೇಗೆ ಬಳಸುವುದು ಎಂದು ಕೆಲವರು ಕೇಳಿದರು. ಸಿಂದಗಿಯ ಅಡತಿ ಅಂಗಡಿಯೊಂದರ ಹಿರಿಯ ದಿವಾಣಜಿಯವರು ಅದಕ್ಕೆ ಉತ್ತರ ಕೊಟ್ಟರು, "ಖಾತೆಪುಸ್ತಕದಾಗ ಕೆಂಪು ಶಾಯಿ ಕಂಡ್ರ ನಾವು ಅಲ್ಲೇ ನಿಂದ್ರತೀವಿ ತಂಗಿ, ಲುಕ್ಸಾನ ಆಗ್ಯದೇನಂತ ನೋಡಾಕ." ಆದರೆ ಬಣ್ಣವೊಂದನ್ನೇ ನಂಬಬಾರದು. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣುಗಳಿವೆ, ಗಂಡಸರಲ್ಲಿ ಅದು ಹೆಚ್ಚು. ವಿಂಡೋಸ್ 10ರಲ್ಲಿ ಯೆಸ್-ನೋ ಕೇಳುವ ಪೆಟ್ಟಿಗೆಯ ಮೇಲೆ ತಯಾರಕರ ಗುರುತು ಸಿಕ್ಕರೆ ನೀಲಿ ಪಟ್ಟಿ, ಸಿಗದಿದ್ದರೆ ಹಳದಿ ಪಟ್ಟಿ ಬರುತ್ತದೆ. ಭಂಡಾರ ಹಾರಿಸುವ ಜಾತ್ರೆಗಳ ನಾಡಿನಲ್ಲಿ ಹಳದಿ ಪಟ್ಟಿ ಕಂಡು ಯಾರು ಬೆಚ್ಚುತ್ತಾರೆ? ಬಣ್ಣ, ಆಕಾರ, ಮಾತು ಮೂರೂ ಒಟ್ಟಿಗೆ ಇರಬೇಕು.

ವಿಜಯಪುರ ಸೀಮೆಯ ಡೆಸ್ಕ್‌ಟಾಪುಗಳಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರ ಫೋಟೊ, ಬಸವಣ್ಣನವರ ಫೋಟೊ ಸಾಮಾನ್ಯ. ಬಾಗೇವಾಡಿಯಲ್ಲಂತೂ ಹೇಳುವುದೇ ಬೇಡ, ಅದು ಬಸವಣ್ಣನವರು ಹುಟ್ಟಿದ ಊರು. ಈ ಫೋಟೊಗಳನ್ನು ದಿನದ ಖಾತೆಯಲ್ಲಿ ಇಡಿ ಎಂದು ನಾನು ಹೇಳುತ್ತೇನೆ. ದಿನವಿಡೀ ಕೂರುವ ಜಾಗದಲ್ಲಿ ಮನಸ್ಸಿಗೆ ಹತ್ತಿರವಾದವರು ಇರಲಿ. ಅಡ್ಮಿನ್ ಖಾತೆಯಲ್ಲಿ ಬರೀ ಕೆಂಪು, ಒಂದು ಕೀಲಿಕೈ, ಕೆಳಗೆ ದಪ್ಪ ಅಕ್ಷರದಲ್ಲಿ "ಅಡ್ಮಿನ್ ಖಾತೆ. ಕೆಲಸ ಮುಗಿದ ಕೂಡಲೇ ಹೊರಗೆ ಬನ್ನಿ." ಅಲ್ಲಿ ಆರಾಮವಾಗಿ ಕೂರಬೇಕೆನಿಸಬಾರದು.

ಕನ್ನಡದಲ್ಲಿ ಬರೆಯುವಾಗ ಒಂದು ತಾಂತ್ರಿಕ ಸಂಗತಿ ಗಮನದಲ್ಲಿರಲಿ. ಐಕಾನಿನ ಕೆಳಗಿನ ಹೆಸರನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಹಳೆಯ ನುಡಿ ಫಾಂಟಿನ ಅಕ್ಷರ ಹಾಕಿದರೆ ಡೆಸ್ಕ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗೀಚಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಆ ಫಾಂಟ್ ಕೆಲಸ ಮಾಡುವುದಿಲ್ಲ. ಐಕಾನಿನ ಒಳಗೇ ಕನ್ನಡ ಪದ ತುಂಬುವ ಆಸೆಯನ್ನೂ ಬಿಡಬೇಕು. ಐಕಾನ್ ಅತಿ ಚಿಕ್ಕದಾದಾಗ ಅಡ್ಡ 16, ಉದ್ದ 16 ಚುಕ್ಕಿಗಳಷ್ಟೇ ಉಳಿಯುತ್ತವೆ. ಒತ್ತಕ್ಷರ ಅಲ್ಲಿ ಬರೀ ಮಸಿಯ ಕಲೆ. ಆಕಾರ ಮಾತ್ರ ಉಳಿಯುತ್ತದೆ, ಅದಕ್ಕೇ ಹಲ್ಲು ಎದ್ದು ಕಾಣುವ ಕೀಲಿಕೈ.

ಕನ್ನಡ ಟೈಪಿಂಗಿನಿಂದಲೇ ಹುಟ್ಟುವ ಇನ್ನೊಂದು ತೊಡಕಿದೆ. ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿ ಒಂದು ನಿಯಮವಿದೆ, ಸಾದಾ ಅಧಿಕಾರದಲ್ಲಿ ನಡೆಯುವ ಪ್ರೋಗ್ರಾಂ ಅಡ್ಮಿನ್ ಅಧಿಕಾರದಲ್ಲಿ ನಡೆಯುವ ಪ್ರೋಗ್ರಾಮಿಗೆ ಕೀಲಿ ಒತ್ತುಗಳನ್ನು ಕಳಿಸುವಂತಿಲ್ಲ. ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮಾಡಿ ಮುಂದೆ ಕಳಿಸುವ ತಂತ್ರಾಂಶಗಳಿಗೆ ಈ ನಿಯಮ ಅಡ್ಡ ಬರುತ್ತದೆ. ಲೆಕ್ಕದ ಸಾಫ್ಟ್‌ವೇರನ್ನು ಯಾರೋ ಸದಾ ಅಡ್ಮಿನ್ ಆಗಿ ತೆರೆಯುವಂತೆ ಮಾಡಿಟ್ಟಿದ್ದರೆ ಅದರೊಳಗೆ ಗಿರಾಕಿಯ ಹೆಸರು ಕನ್ನಡದಲ್ಲಿ ಬೀಳುವುದಿಲ್ಲ. ಆಗ ಕನ್ನಡದ ತಂತ್ರಾಂಶವನ್ನೂ ಅಡ್ಮಿನ್ ಮಾಡುತ್ತಾರೆ, ಹೀಗೆ ಒಂದರ ಹಿಂದೆ ಒಂದು. ಕೊನೆಗೆ ಡೆಸ್ಕ್‌ಟಾಪಿನ ಅರ್ಧ ಐಕಾನುಗಳ ಮೇಲೆ ಢಾಲು. ಎಲ್ಲದರ ಮೇಲೂ ಇದ್ದರೆ ಯಾವುದರ ಮೇಲೂ ಕಣ್ಣು ನಿಲ್ಲುವುದಿಲ್ಲ. ಸರಿಯಾದ ದಾರಿ ತಿರುಗಿ ಹೋಗುವುದು. ಲೆಕ್ಕದ ಸಾಫ್ಟ್‌ವೇರಿನ ಡೇಟಾ ಫೋಲ್ಡರನ್ನು ಪ್ರೋಗ್ರಾಂ ಫೈಲ್ಸ್‌ನಿಂದ ಹೊರಗೆ ತಂದು ಸಾದಾ ಯೂಸರಿಗೆ ಬರೆಯುವ ಅನುಮತಿ ಕೊಟ್ಟರೆ ಬಹಳ ಸಲ ಅಡ್ಮಿನ್ ಅಗತ್ಯವೇ ಬೀಳುವುದಿಲ್ಲ.

ನನ್ನ ವೃತ್ತಿಯವರೇ ಮಾಡುವ ಒಂದು ಕೆಲಸ ನನಗೆ ಬಹಳ ಸಂಕಟ ಕೊಡುತ್ತದೆ. ಪದೇ ಪದೇ ಯೆಸ್-ನೋ ಕೇಳುತ್ತದೆ ಎಂದು ಗಿರಾಕಿ ದೂರಿದರೆ, ಆ ಪ್ರಶ್ನೆಯ ಸೆಟ್ಟಿಂಗನ್ನು ತೀರ ಕೆಳಕ್ಕೆ ಎಳೆದು ಬಂದ್ ಮಾಡಿ ಬರುತ್ತಾರೆ. ಆಮೇಲೆ ಅಡ್ಮಿನ್ ಖಾತೆಯಲ್ಲಿ ಯಾವ ಪ್ರೋಗ್ರಾಂ ದೊಡ್ಡ ಅಧಿಕಾರ ಬೇಡಿದರೂ ನಿಮ್ಮನ್ನು ಕೇಳದೆಯೇ ಸಿಗುತ್ತದೆ. ಗಿರಾಕಿಗೆ ಸಮಾಧಾನ, ಮಷೀನಿಗೆ ಇದ್ದ ಒಂದೇ ತಡೆ ಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಸಾದಾ ಖಾತೆ ಮಾಡಿಕೊಡಲು ಹೆಚ್ಚು ಹೊತ್ತು ಬೇಡ, ದುಡ್ಡಂತೂ ಬೇಡವೇ ಬೇಡ.

ಅಡ್ಮಿನ್ ಖಾತೆಗೆ ಎದ್ದು ಕಾಣುವ ಗುರುತು ಹಾಕಿದರೆ ಕಳ್ಳರಿಗೆ ದಾರಿ ತೋರಿಸಿದಂತಲ್ಲವೇ ಎಂದು ಕೇಳುವವರಿದ್ದಾರೆ. ಹೊರಗಿನಿಂದ ದಾಳಿ ಮಾಡುವವರು ಡೆಸ್ಕ್‌ಟಾಪಿನ ಚಿತ್ರ ನೋಡಿ ಬರುವುದಿಲ್ಲ, ಅವರಿಗೆ ಅದು ಇಲ್ಲದೆಯೂ ಗೊತ್ತಾಗುತ್ತದೆ. ಗೊತ್ತಿಲ್ಲದಿರುವುದು ಒಳಗೆ ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ. ಗುರುತು ಅವರಿಗಾಗಿ. ಪಾಸ್‌ವರ್ಡಿನ ಕೆಲಸವನ್ನು ಚಿತ್ರ ಮಾಡುತ್ತದೆಂದು ನಾನು ಹೇಳುತ್ತಿಲ್ಲ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಕಚೇರಿಗಳಲ್ಲಿ ಚಿತ್ರವೂ ಇಲ್ಲದಿದ್ದರೆ ಉಳಿಯುವುದೇನು?

ಈಗ ಇದನ್ನು ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ನಮ್ಮ ಕಡೆಯ ಎಷ್ಟೋ ಹಳೆಯ ಮಷೀನುಗಳಲ್ಲಿ ಅದಿಲ್ಲ. ಅಂದರೆ ಸಂಘಗಳು, ಕಚೇರಿಗಳು, ಸೆಂಟರುಗಳು ಒಂದೊಂದಾಗಿ ಹೊಸ ಮಷೀನು ತರಲೇಬೇಕು. ಕಚೇರಿಗಳೂ ಹೆಚ್ಚಿವೆ, 2018ರಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಾಗೇವಾಡಿಯಿಂದ ನಿಡಗುಂದಿ ಬೇರೆಯಾಗಿ ಹೊಸ ತಾಲೂಕುಗಳಾದವು. ಕಚೇರಿ ಹೆಚ್ಚಿದಷ್ಟೂ ಒಂದೇ ಮಷೀನಿಗೆ ಕೂರುವ ಕೈಗಳೂ ಹೆಚ್ಚುತ್ತವೆ, ವರ್ಗಾವಣೆಯಾಗಿ ಹೋದವರ ಪಾಸ್‌ವರ್ಡೂ ಅವರ ಜೊತೆಗೇ ಹೋಗುತ್ತದೆ.

ಆದ್ದರಿಂದ ಖರೀದಿ ಆದೇಶದಲ್ಲೇ ಕೆಲವು ಸಾಲು ಸೇರಿಸಿ ಎಂದು ಸಂಘಗಳ ಆಡಳಿತ ಮಂಡಳಿಗಳನ್ನೂ ತಾಲೂಕು ಕಚೇರಿಗಳನ್ನೂ ಕೇಳಿಕೊಳ್ಳುತ್ತೇನೆ. ಮಷೀನು ಕೊಡುವವರು ಎರಡು ಖಾತೆ ಮಾಡಿಯೇ ಕೊಡಬೇಕು. ಅಡ್ಮಿನ್ ಖಾತೆಯ ಚಿತ್ರ ಕೀಲಿಕೈ, ಹಿನ್ನೆಲೆ ಕೆಂಪು, ಬರಹ ಕನ್ನಡ ಇರಬೇಕು. ಅದರ ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ ತಿಜೋರಿ ಸೇರಬೇಕು. ಚಾರ್ಜ್ ಕೊಡುವಾಗ ತಿಜೋರಿಯ ಕೀಲಿಕೈ ಜೊತೆಗೆ ಈ ಲಕೋಟೆಯನ್ನೂ ಬರೆದುಕೊಟ್ಟು ಸಹಿ ಪಡೆಯಬೇಕು, ಹೊಸಬರು ಬಂದ ದಿನವೇ ಪಾಸ್‌ವರ್ಡ್ ಬದಲಾಗಬೇಕು. ಇಡೀ ರಾಜ್ಯಕ್ಕೆ ಒಂದೇ ಗುರುತು ಇದ್ದರೆ ಇನ್ನೂ ಒಳ್ಳೆಯದು. ರಾಜ್ಯದ ಇ-ಆಡಳಿತ ಕೇಂದ್ರ ಒಂದು ಚಿತ್ರ, ಒಂದು ಹಿನ್ನೆಲೆ ತಯಾರಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟರೆ ಇಂಡಿಯಲ್ಲಿ ಕಲಿತ ಹುಡುಗಿ ಬೀದರಿಗೆ ಕೆಲಸಕ್ಕೆ ಹೋದರೂ ಅದನ್ನು ಗುರುತಿಸುತ್ತಾಳೆ. ಅಲ್ಲಿಯವರೆಗೆ ನಾನು ಬಳಸುವ ಕೀಲಿಕೈ ಚಿತ್ರ, ಕೆಂಪು ಹಿನ್ನೆಲೆ ಬೇಕಾದವರು ಪೆನ್‌ಡ್ರೈವ್ ತಂದು ಒಯ್ಯಬಹುದು.